ಅಜ್ಜಿಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಮರಿಯಾ ಫಿಟ್ಜ್‌ಜೆರಾಲ್ಡ್ ಎಂಬ ಲಂಡನ್ನಿನ ನರವಿಜ್ಞಾನಿಯ ಬಗ್ಗೆ ಎಂಟು ಪುಟ ಹಾಕಿದ್ದೀರಿ. ಹಸುಗೂಸಿಗೂ ನೋವಾಗುತ್ತದೆ ಎಂದು ಹೇಳಲು ಒಂದು ಆಯುಷ್ಯದ ಸಂಶೋಧನೆ ಬೇಕಿತ್ತೇ? ಹೆತ್ತವಳನ್ನು ಕೇಳಿದ್ದರೆ ಸಾಕಿತ್ತು. ಸೂಜಿ ಚುಚ್ಚುವಾಗ ಮಗುವಿನ ಬಾಯಿಗೆ ಸಕ್ಕರೆ ನೀರು ಬಿಡುತ್ತಿದ್ದ ಅಜ್ಜಿಗೆ ಇದೆಲ್ಲ ಗೊತ್ತಿತ್ತು. ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಏನೇನು ಪಾಡುಪಟ್ಟು ಮೇಲೆ ಬಂದಳು ಎಂಬುದನ್ನಾದರೂ ಬರೆಯಬಹುದಿತ್ತು. ಬರೀ ಇಲಿ, ಬೆನ್ನುಹುರಿ, ಇಲಿ. ಅಂದಹಾಗೆ, 31ನೇ ಪುಟದಲ್ಲಿ ‘ನರಮಂಡಲ’ ಎಂಬುದು ‘ನರಮಂಡಳಿ’ ಎಂದು ಅಚ್ಚಾಗಿದೆ.
– ಒಬ್ಬ ನಿವೃತ್ತ ಶಿಕ್ಷಕ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ನಿಮ್ಮ ಅಕ್ಷರ ನೋಡಿ ಹೊಟ್ಟೆಕಿಚ್ಚಾಯಿತು. ಇಷ್ಟು ದುಂಡಗೆ ಕೈಯಲ್ಲಿ ಬರೆದ ಪತ್ರ ಈಗ ಬರುವುದೇ ಅಪರೂಪ, ಹಾಗಾಗಿ ಎರಡು ಸಾಲಿನಲ್ಲಿ ತಪ್ಪಿಸಿಕೊಳ್ಳಲು ಮನಸ್ಸಾಗಲಿಲ್ಲ. ಸಾವಧಾನವಾಗಿ ಕೂತು ಓದಿ.

ಹೆತ್ತವರಿಗೆ ಗೊತ್ತಿತ್ತು ಅನ್ನುತ್ತೀರಿ. ಒಪ್ಪಿದೆ, ಗೊತ್ತಿತ್ತು. ಗೊತ್ತಿದ್ದವರ ಮಾತು ಏನಾಯಿತು ಎನ್ನುವುದನ್ನು ಮಾತ್ರ ನೀವು ಕೇಳಲಿಲ್ಲ.

1985ರಲ್ಲಿ ಅಮೆರಿಕದಲ್ಲಿ ಒಂದು ಗಂಡುಮಗು ದಿನ ತುಂಬುವ ಬಹಳ ಮೊದಲೇ ಹುಟ್ಟಿತು. ಹೃದಯದ ಪಕ್ಕದ ಒಂದು ರಕ್ತನಾಳ ಮುಚ್ಚದೆ ಉಳಿದಿತ್ತು. ಅದನ್ನು ಕಟ್ಟಲು ಎದೆ ತೆರೆದರು. ಮಗುವಿಗೆ ಕೊಟ್ಟಿದ್ದು ಪ್ಯಾನ್‌ಕ್ಯುರೋನಿಯಂ ಎಂಬ ಮದ್ದು. ಅದು ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ನೋವನ್ನು ಒಂದಿಷ್ಟೂ ತಗ್ಗಿಸುವುದಿಲ್ಲ. ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ಆಮೇಲೆ ದಾಖಲೆ ನೋಡಿದ ತಾಯಿ ಇದೇನೆಂದು ಕೇಳಿದಳು. ಇಷ್ಟು ಎಳೆಯ ಮಕ್ಕಳಿಗೆ ನೋವಾಗುತ್ತದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ ಎಂಬ ಉತ್ತರ ಬಂತು. ಅತ್ತ ಮಗುವಿಗೆ ಹಾಲು ಅನ್ನುತ್ತೇವಲ್ಲ, ಅಳುವುದಕ್ಕೇ ಆಗದಂತೆ ಮಾಡಿದ ಮೇಲೆ? ಆ ತಾಯಿ ಊರೆಲ್ಲ ಪತ್ರ ಬರೆದಳು, ಪತ್ರಿಕೆಗಳಿಗೆ, ವೈದ್ಯರಿಗೆ. ಪತ್ರ ಬರೆಯುವವರ ಬಗ್ಗೆ ನನಗೆ ಗೌರವ ಹುಟ್ಟಲು ಆಕೆಯೂ ಒಂದು ಕಾರಣ.

ಇದು ಒಬ್ಬ ಕಟುಕನ ಕೆಲಸವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗಿರಲಿಲ್ಲ. 1950ರ ದಶಕದಿಂದ ಅದೊಂದು ಪದ್ಧತಿಯೇ ಆಗಿತ್ತು, ಲಿವರ್‌ಪೂಲ್ ವಿಧಾನ ಎಂದು ಅದಕ್ಕೆ ಹೆಸರೂ ಇತ್ತು: ಸ್ನಾಯು ಸಡಿಲಿಸುವ ಮದ್ದು, ಜೊತೆಗೆ ನಗೆ ಅನಿಲ. ಹಿಂದೆ ಇದ್ದದ್ದು ಭಯ. ಅಂಗೈಯಗಲದ ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟರೆ ಉಸಿರು ನಿಂತೀತು, ರಕ್ತದೊತ್ತಡ ಕುಸಿದೀತು ಎಂಬ ಭಯ, ಆ ದಿನಗಳಿಗೆ ನ್ಯಾಯವಾದದ್ದೇ. ಆದರೆ ಭಯಕ್ಕೆ ಒಂದು ಸಿದ್ಧಾಂತದ ಅಂಗಿ ತೊಡಿಸಿದರು. ನವಜಾತ ಶಿಶುವಿನ ನರಗಳಿಗೆ ಮಯಲಿನ್ ಪೊರೆ ಇನ್ನೂ ಸುತ್ತಿಕೊಂಡಿರುವುದಿಲ್ಲ, ಮಿದುಳಿನ ಹೊರಪದರ ಬಲಿತಿರುವುದಿಲ್ಲ, ಆದ್ದರಿಂದ ನೋವೂ ಇಲ್ಲ ಎಂದರು. ಈ ವಾದಕ್ಕೆ ಊರುಗೋಲಾಗಿದ್ದ ಅಧ್ಯಯನಗಳಲ್ಲಿ ಒಂದು 1941ರದು. ಕೂಸುಗಳಿಗೆ ಪಿನ್ನು ಚುಚ್ಚಿ ನೋಡಿದಾಗ, ಹುಟ್ಟಿದ ಮೊದಲ ದಿನಗಳಲ್ಲಿ ಕೆಲವು ಕೂಸುಗಳು ಏನೂ ಆಗದಂತೆ ಇದ್ದವು ಎಂದು ಅದು ವರದಿ ಮಾಡಿತು. ಬರೆದವರು ಮರ್ಟಲ್ ಮೆಗ್ರಾ. ಹೆಣ್ಣೇ, ಮೇಷ್ಟ್ರೇ. ಹೆಂಗಸನ್ನು ಕೇಳಿದ್ದರೆ ಸಾಕಿತ್ತು ಎಂಬ ನಿಮ್ಮ ಸೂತ್ರ ಇಲ್ಲಿ ಸ್ವಲ್ಪ ಕುಂಟುತ್ತದೆ.

ಮಯಲಿನ್ ವಾದದಲ್ಲಿ ಇನ್ನೊಂದು ತಮಾಷೆಯಿದೆ. ದೊಡ್ಡವರಾದ ನಮ್ಮಲ್ಲೂ ಉರಿಯುವ, ಕೊರೆಯುವ ನೋವನ್ನು ಹೊತ್ತು ತರುವುದು ಸಿ-ತಂತುಗಳೆಂಬ ನವಿರಾದ ನರದ ಎಳೆಗಳು. ಅವಕ್ಕೆ ಜೀವಮಾನಪೂರ್ತಿ ಆ ಪೊರೆಯೇ ಇರುವುದಿಲ್ಲ. ಪೊರೆಯಿಲ್ಲದಿದ್ದರೆ ನೋವಿಲ್ಲ ಎಂದಾದರೆ ನನ್ನ ಹಲ್ಲುನೋವೂ ಸುಳ್ಳು! ಹಲ್ಲಿನ ಮಾತು ಬಂತು, ಹೇಳಿಬಿಡುತ್ತೇನೆ. ದವಡೆಹಲ್ಲು ಕೀಳಿಸಲು ಹೋದಾಗ ನಾನು ಕುರ್ಚಿಯ ಕೈ ಹಿಡಿದು ಒದ್ದಾಡುತ್ತಿದ್ದರೆ ದಂತವೈದ್ಯರು ಸಮಾಧಾನವಾಗಿ, “ಇದು ನೋವಲ್ಲ ಸಾರ್, ಬರೀ ಒತ್ತಡ” ಅಂದರು. ಬಾಯಿತುಂಬ ಹತ್ತಿ ತುರುಕಿದ್ದರಿಂದ ವಾದಿಸಲು ಆಗಲಿಲ್ಲ. ನಲವತ್ತು ವರ್ಷದಿಂದ ಮಾತನ್ನೇ ತಿದ್ದಿಕೊಂಡು ಬದುಕಿದ ನನಗೇ ಈ ಗತಿಯಾದರೆ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಒಂದು ಕಿಲೋ ತೂಕದ ಜೀವ ಯಾರಿಗೆ ಹೇಳಿಕೊಳ್ಳಬೇಕು?

ಫಿಟ್ಜ್‌ಜೆರಾಲ್ಡ್ ಬರುವುದು ಇಲ್ಲಿ. 1953ರಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಶರೀರಶಾಸ್ತ್ರ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಿಎಚ್‌ಡಿ ಮುಗಿಸಿ, ಅಲ್ಲೇ ಪ್ಯಾಟ್ರಿಕ್ ವಾಲ್ ಅವರ ಪ್ರಯೋಗಾಲಯ ಸೇರಿದರು. ನೋವು ನೇರವಾಗಿ ಮಿದುಳಿಗೆ ಹೋಗಿ ಬಾರಿಸುವ ಗಂಟೆಯಲ್ಲ, ಬೆನ್ನುಹುರಿಯಲ್ಲಿ ಅದಕ್ಕೊಂದು ಬಾಗಿಲಿದೆ, ಅದು ತೆರೆಯುತ್ತದೆ, ಮುಚ್ಚುತ್ತದೆ ಎಂದು 1965ರಲ್ಲಿ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ ಜೊತೆಗೂಡಿ ಹೇಳಿದ ವಾಲ್ ಇವರೇ. ಅವರ ಸುತ್ತ ಇದ್ದವರೆಲ್ಲ ಬೆಳೆದ ಪ್ರಾಣಿಯ ಬಾಗಿಲನ್ನು ನೋಡುತ್ತಿದ್ದರು. ಮರಿಯಾ ಕೇಳಿದ್ದು, ಆಗ ತಾನೇ ಹುಟ್ಟಿದ್ದಕ್ಕೆ ಆ ಬಾಗಿಲು ಇದೆಯೇ ಎಂದು.

ನೀವು ಬೇಸರಪಟ್ಟ ಇಲಿಗಳು ಬಂದದ್ದು ಅದಕ್ಕೇ. ಇಲಿಮರಿ ಹುಟ್ಟುವಾಗ ಅದರ ನರಗಳು ಹೆಚ್ಚುಕಡಿಮೆ ದಿನ ತುಂಬದ ಮನುಷ್ಯಶಿಶುವಿನ ಹಂತದಲ್ಲಿರುತ್ತವೆ. ಅದರ ಬೆನ್ನುಹುರಿಯಲ್ಲಿ ಆಕೆ ಕಂಡದ್ದು ‘ನೋವಿಲ್ಲ’ ಎಂಬುದಕ್ಕೆ ಪೂರ್ತಿ ತಿರುಗುಮುರುಗು. ಒಂದೊಂದು ನರಕೋಶವೂ ಚರ್ಮದ ತೀರ ಅಗಲವಾದ ಜಾಗದಿಂದ ಸುದ್ದಿ ಪಡೆಯುತ್ತಿತ್ತು. ಮುಂದೆ ನೋವಿನ ತಂತುಗಳಿಗೆ ಮೀಸಲಾಗುವ ಪದರಕ್ಕೆ ಸ್ಪರ್ಶದ ತಂತುಗಳೂ ನುಗ್ಗಿದ್ದವು, ವಾರಗಳು ಕಳೆದ ಮೇಲೆ ಹಿಂದೆ ಸರಿದವು. ಮಿದುಳಿನಿಂದ ಕೆಳಗಿಳಿದು ನೋವನ್ನು ತಡೆಯುವ ವ್ಯವಸ್ಥೆ ಮೊದಲ ದಿನಗಳಲ್ಲಿ ಕೆಲಸಕ್ಕೇ ಬಂದಿರಲಿಲ್ಲ. ಬಾಗಿಲಿದೆ, ಬಾಗಿಲು ಕಾಯುವವನಿಲ್ಲ!

ಆಮೇಲೆ ಆಕೆ ನೀಲ್ ಮೆಕಿಂಟಾಶ್ ಎಂಬ ಮಕ್ಕಳ ವೈದ್ಯರ ಜೊತೆ ಶಿಶುಗಳ ವಾರ್ಡಿಗೇ ಹೋದರು. ಕೈಯಲ್ಲಿದ್ದ ಸಲಕರಣೆ ಒಂದಷ್ಟು ನೈಲಾನ್ ಎಳೆ. ಫಾನ್ ಫ್ರೈ ಕೂದಲು ಎನ್ನುತ್ತಾರೆ, ಹಿಂದೆ ನಿಜವಾದ ಕೂದಲೇ ಆಗಿತ್ತಂತೆ. ಒಂದೊಂದು ಎಳೆಯೂ ಇಂತಿಷ್ಟೇ ಬಲಕ್ಕೆ ಬಾಗುತ್ತದೆ. ಮಗುವಿನ ಅಂಗಾಲಿಗೆ ಅದನ್ನು ಒತ್ತಿ, ಯಾವ ಎಳೆಗೆ ಕಾಲು ಹಿಂದೆಳೆದುಕೊಳ್ಳುತ್ತದೆ ಎಂದು ಗುರುತು ಹಾಕುವುದು. ದಿನ ತುಂಬದ ಕೂಸುಗಳು ತೀರ ನವಿರಾದ ಎಳೆಗೇ ಕಾಲೆಳೆದುಕೊಂಡವು. ಮತ್ತೆ ಮತ್ತೆ ಮುಟ್ಟಿದರೆ ಒಗ್ಗಿಕೊಳ್ಳುವ ಬದಲು ಇನ್ನಷ್ಟು ಸೂಕ್ಷ್ಮವಾದವು. ರಕ್ತಪರೀಕ್ಷೆಗೆಂದು ಹಿಮ್ಮಡಿಗೆ ಚುಚ್ಚಿಸಿಕೊಳ್ಳುತ್ತಲೇ ಇದ್ದ ಕಾಲು, ಚುಚ್ಚದ ಕಾಲಿಗೆ ಬೇಕಾದ ಒತ್ತಡದ ಅರ್ಧಕ್ಕೇ ಬೆದರುತ್ತಿತ್ತು. ಮರಗಟ್ಟಿಸುವ ಮುಲಾಮು ಹಚ್ಚಿದರೆ ಅದು ಸರಿಹೋಗುತ್ತಿತ್ತು, ಸುಮ್ಮನೆ ಬೇರೇನೋ ಹಚ್ಚಿದರೆ ಇಲ್ಲ. ಇದು 1989ರಲ್ಲಿ ಅಚ್ಚಾಯಿತು. ನನಗೆ ಈ ಪ್ರಯೋಗದ ಮೇಲೆ ಎಂಥದೋ ಮೋಹ. ನೋಯದವರಿಗೆ ನೋವು ತಿಳಿಯದು ಎಂಬ ಮಾತು ನಮಗೆಲ್ಲ ಕಂಠಪಾಠ. ಒಂದು ನೈಲಾನ್ ಎಳೆ ಹಿಡಿದು ಈ ಹೆಂಗಸು ನೋಯದವರಿಗೂ ಅದನ್ನು ತಿಳಿಸಿದಳು, ಅದೂ ಅಂಕಿಯಲ್ಲಿ.

ಅದೇ ಹೊತ್ತಿಗೆ ಇಂದೋರಿನಲ್ಲಿ ವೈದ್ಯಕೀಯ ಓದಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್, ಶಸ್ತ್ರಚಿಕಿತ್ಸೆಯಿಂದ ಮರಳುವ ಕೂಸುಗಳು ಏಕೆ ಇಷ್ಟು ಕಂಗೆಟ್ಟಿರುತ್ತವೆ ಎಂದು ಹುಡುಕುತ್ತಿದ್ದರು. ಫೆಂಟನಿಲ್ ಎಂಬ ನೋವುಮದ್ದನ್ನೂ ಸೇರಿಸಿ ಕೊಟ್ಟ ಕೂಸುಗಳಲ್ಲಿ ದೇಹದ ತಲ್ಲಣ ಕಡಿಮೆ, ತೊಡಕುಗಳೂ ಕಡಿಮೆ ಎಂದು 1987ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನ ನಿಲುವು ಪ್ರಕಟಿಸಿತು, ಎಳೆಯ ಮಗು ಎಂಬ ಕಾರಣಕ್ಕೆ ಅರಿವಳಿಕೆ ತಪ್ಪಿಸಬೇಡಿ ಎಂದು. ವೈದ್ಯರು ಬದಲಾದದ್ದು ಅಂಕಿಗೆ, ಮೇಷ್ಟ್ರೇ. ಅಮ್ಮಂದಿರ ಕಣ್ಣೀರು ಅದಕ್ಕೂ ಹಿಂದೆ ಎಷ್ಟೋ ವರ್ಷ ಹರಿದಿತ್ತು.

ಈಗ ನಿಮ್ಮ ಅಜ್ಜಿಯ ಸಕ್ಕರೆ ನೀರಿಗೆ ಬರುತ್ತೇನೆ. ಅದಕ್ಕಾಗಿಯೇ ಇಷ್ಟು ದೂರ ಕರೆತಂದದ್ದು. ಸಕ್ಕರೆ ನೀರು ಬಿಟ್ಟರೆ ಮಗುವಿನ ಮುಖ ಸಡಿಲಾಗುತ್ತದೆ, ಅಳು ತಗ್ಗುತ್ತದೆ. ಅಜ್ಜಿ ನೋಡಿದ್ದು ನಿಜ. ಆಸ್ಪತ್ರೆಗಳೂ ಇದನ್ನೇ ಅನುಸರಿಸಿದವು, ಇಂದಿಗೂ ಅನುಸರಿಸುತ್ತವೆ. ರೆಬೆಕಾ ಸ್ಲೇಟರ್, ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು ಹಿಮ್ಮಡಿಗೆ ಚುಚ್ಚುವ ಮೊದಲು ಕೆಲವು ಕೂಸುಗಳಿಗೆ ಸಕ್ಕರೆ ನೀರು, ಕೆಲವಕ್ಕೆ ಬರೀ ನೀರು ಕೊಟ್ಟು ಮಿದುಳಿನ ವಿದ್ಯುತ್ ಅಲೆ ಅಳೆದರು. ಸಕ್ಕರೆ ಸವಿದ ಕೂಸಿನ ಮುಖ ಶಾಂತ, ಮಿದುಳಿನಲ್ಲಿ ನೋವಿನ ಅಲೆ ಮಾತ್ರ ಹೆಚ್ಚುಕಡಿಮೆ ಅಷ್ಟೇ. 2010ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಬಂದಾಗ ವೈದ್ಯಲೋಕದಲ್ಲಿ ಜಗಳವೇ ಆಯಿತು, ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಜಗಳ ಏನೇ ಇರಲಿ, ಮಗು ಸುಮ್ಮನಾದರೆ ನೋವು ಹೋಯಿತು ಎಂದು ಅಜ್ಜಿ ತಿಳಿದದ್ದೂ, ಮಗು ಅಳದಿದ್ದರೆ ನೋವಿಲ್ಲ ಎಂದು ಪ್ಯಾನ್‌ಕ್ಯುರೋನಿಯಂ ಕೊಟ್ಟವರು ತಿಳಿದದ್ದೂ ಒಂದೇ ಲೆಕ್ಕ ಅನ್ನಿಸುವುದಿಲ್ಲವೇ ನಿಮಗೆ? ಅಜ್ಜಿಗೆ ಪ್ರೀತಿಯಿತ್ತು, ಅದು ಬೇರೆ ಮಾತು.

ಅಜ್ಜಿಗೆ ಗೊತ್ತಿರಲಾರದ ಇನ್ನೊಂದು ಸಂಗತಿ 2011ರಲ್ಲಿ ಇದೇ ಗುಂಪಿನಿಂದ ಬಂತು. ಗರ್ಭದ 35ರಿಂದ 37ನೇ ವಾರದ ಹೊತ್ತಿಗೆ ಮಿದುಳು ಮುಟ್ಟುವುದನ್ನೂ ಚುಚ್ಚುವುದನ್ನೂ ಬೇರೆ ಬೇರೆಯಾಗಿ ಗುರುತಿಸತೊಡಗುತ್ತದೆ. ಅದಕ್ಕಿಂತ ಎಳೆಯ ಕೂಸಿನ ಮಿದುಳಲ್ಲಿ ಎರಡಕ್ಕೂ ಏಳುವುದು ಒಂದೇ ಬಗೆಯ ಭುಗಿಲು. ವಾರ್ಡಿನಲ್ಲಿ ಬಟ್ಟೆ ಬದಲಿಸುವ ಕೈ ಕೂಡ ಆ ಜೀವಕ್ಕೆ ಏನಾಗಿ ಮುಟ್ಟುತ್ತದೋ ಎಂದು ಒಮ್ಮೆ ಯೋಚಿಸಿ. ಹೆತ್ತ ಕರುಳು ಎಷ್ಟೇ ಮಿಡಿದರೂ ಇದನ್ನು ಕಾಣಲಾರದು.

ನನ್ನ ಮೇಜಿಗೆ ಬರುವ ಹಸ್ತಪ್ರತಿಗಳಲ್ಲಿ ನಾನು ಕಣ್ಣುಮುಚ್ಚಿ ಹೊಡೆದುಹಾಕುವ ಒಂದು ಪದಗುಚ್ಛವಿದೆ: ‘ಎಲ್ಲರಿಗೂ ಗೊತ್ತಿರುವಂತೆ’. ಅದರ ಬೆನ್ನಿಗೇ ಬರುವ ವಾಕ್ಯ ಹತ್ತರಲ್ಲಿ ಆರು ಸಲ ತಪ್ಪಿರುತ್ತದೆ, ಇದು ನನ್ನ ಕೆಂಪು ಶಾಯಿಯ ಲೆಕ್ಕ. ಈಚೆಗೆ ಅದಕ್ಕೊಂದು ತಮ್ಮ ಹುಟ್ಟಿದ್ದಾನೆ, ‘ನಮ್ಮ ಹಿರಿಯರು ಅಂದೇ ಹೇಳಿದ್ದನ್ನು ವಿಜ್ಞಾನ ಇಂದು ಕಂಡುಕೊಂಡಿದೆ’ ಎಂದು. ದಿನಕ್ಕೆ ಮೂರು ಸಲ ನನ್ನ ಫೋನಿಗೆ ಬಂದು ಬೀಳುತ್ತಾನೆ. ಹಿರಿಯರು ಹೇಳಿದ್ದರಲ್ಲಿ ವಿಜ್ಞಾನ ಸುಳ್ಳೆಂದು ತೋರಿಸಿದ್ದರ ಪಟ್ಟಿಯನ್ನು ಮಾತ್ರ ಇದುವರೆಗೆ ಯಾರೂ ಕಳಿಸಿಲ್ಲ. ನೀವು ಪಾಠ ಹೇಳಿದವರು, ಮೇಷ್ಟ್ರೇ. ಉತ್ತರ ಸರಿಯಾಗಿದ್ದು ಲೆಕ್ಕ ಬಿಡಿಸಿ ತೋರಿಸದ ಹುಡುಗನಿಗೆ ಎಷ್ಟು ಅಂಕ ಕೊಡುತ್ತಿದ್ದಿರಿ?

ಇನ್ನು, ಹೆಣ್ಣಾಗಿ ಪಟ್ಟ ಪಾಡು ಬರೆಯಬಹುದಿತ್ತು ಎಂದಿರಿ. ಬರೆಯಬಹುದಿತ್ತು. ಮರಿಯಾರ ತಾಯಿ ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅರವತ್ತರ ಹತ್ತಿರ ಮೊದಲ ಪುಸ್ತಕ ತಂದು, 1979ರಲ್ಲಿ ಬುಕರ್ ಗೆದ್ದ ಕಾದಂಬರಿಕಾರ್ತಿ. ಮಕ್ಕಳು ಚಿಕ್ಕವರಿದ್ದಾಗ ಮನೆಯೆಂದರೆ ಥೇಮ್ಸ್ ನದಿಯ ಮೇಲಿನ ಒಂದು ಹಳೆಯ ದೋಣಿ. ಒಂದು ದಿನ ಅದೂ ಮುಳುಗಿತು. ಇದಕ್ಕಿಂತ ಕಥೆ ಬೇಕೇ? ಆದರೂ ನಾನೇ ಲೇಖಕರಿಗೆ ಅದನ್ನು ಒಂದು ಪ್ಯಾರಾಕ್ಕೆ ಇಳಿಸಲು ಹೇಳಿದೆ. ಗಂಡಸು ವಿಜ್ಞಾನಿಯ ಬಗ್ಗೆ ಬರುವ ಲೇಖನ ಪ್ರಯೋಗಾಲಯದಲ್ಲಿ ಶುರುವಾಗುತ್ತದೆ, ಹೆಂಗಸಿನದು ಅಡುಗೆಮನೆಯಲ್ಲಿ. ಅವಳು ಮನೆ ನಿಭಾಯಿಸಿದ್ದು ಹೇಗೆ ಎಂದು ಆರು ಪುಟ ಓದಿದ ಮೇಲೂ ಅವಳು ಕಂಡುಹಿಡಿದದ್ದೇನು ಎಂಬುದು ತಿಳಿದಿರುವುದಿಲ್ಲ. 2016ರಲ್ಲಿ ಬ್ರಿಟನ್ನಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿ ಮರಿಯಾರನ್ನು ಫೆಲೋ ಮಾಡಿಕೊಂಡದ್ದು ಬೆನ್ನುಹುರಿಯ ಕೆಲಸಕ್ಕೆ, ದೋಣಿಗಲ್ಲ.

ಪಾಡಿನ ಮಾತೇ ಬೇಕೆಂದರೆ ಇಲಿಗಳದ್ದನ್ನೇ ನೋಡಿ. ನೋವಿನ ಸಂಶೋಧನೆಗೆ ಮೀಸಲಾದ ‘ಪೇನ್’ ಎಂಬ ಪತ್ರಿಕೆಯಲ್ಲಿ ಹತ್ತು ವರ್ಷ ಬಂದ ಪ್ರಾಣಿಪ್ರಯೋಗಗಳನ್ನು 2005ರಲ್ಲಿ ಎಣಿಸಿದರು. ಶೇ. 79ರಷ್ಟರಲ್ಲಿ ಬಳಸಿದ್ದು ಗಂಡು ಪ್ರಾಣಿಗಳನ್ನು ಮಾತ್ರ. ಹೆಣ್ಣಿಗೆ ಋತುಚಕ್ರವಿದೆ, ಲೆಕ್ಕ ಕೆಡುತ್ತದೆ ಎಂಬ ನೆಪ. ಫ್ಲಾರಿಡಾದಲ್ಲಿ ಕ್ಯಾರೆನ್ ಬರ್ಕ್ಲಿ ಎಂಬಾಕೆ ಆ ಚಕ್ರವನ್ನೇ ಪ್ರಶ್ನೆ ಮಾಡಿಕೊಂಡು, ಗರ್ಭಕೋಶದ ನರಗಳನ್ನೂ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಕಾಯಿಲೆಯ ನೋವನ್ನೂ ದಶಕಗಟ್ಟಲೆ ಅಭ್ಯಾಸ ಮಾಡಿದರು. 2015ರಲ್ಲಿ ಇನ್ನೊಂದು ತಂಡ ತೋರಿಸಿತು: ನರಕ್ಕೆ ಪೆಟ್ಟಾದ ಗಂಡಿಲಿಗಳಲ್ಲಿ ನೋವನ್ನು ಹಿಡಿದಿಡುವುದು ಮೈಕ್ರೋಗ್ಲಿಯಾ ಎಂಬ, ನರಮಂಡಲವನ್ನು ಕಾಯುವ ರಕ್ಷಣಾ ಕೋಶಗಳು, ಹೆಣ್ಣಿಲಿಗಳಲ್ಲಿ ದಾರಿಯೇ ಬೇರೆ. ಎಲ್ಲರಿಗೂ ಗೊತ್ತಿರುವಂತೆ ನೋವೆಂದರೆ ನೋವು, ಅಲ್ಲವೇ? ‘ಎಲ್ಲ ಪರೀಕ್ಷೆಯೂ ಸರಿಯಾಗಿದೆ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ಹೇಳಿಸಿಕೊಂಡು ಮನೆಗೆ ಬಂದ ಹೆಂಗಸರು ನಿಮ್ಮ ಬಳಗದಲ್ಲೂ ಇದ್ದಾರು. ಕೇಳಿ ನೋಡಿ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಜೊತೆಗಿಟ್ಟ ಆರು ಟಿಪ್ಪಣಿಗಳಲ್ಲಿ ಎರಡು ಹೀಗಿವೆ: ನೋವಾಗಿದೆ ಎಂದವರ ಮಾತನ್ನು ಗೌರವಿಸಬೇಕು, ಹೇಳಲು ಬಾರದ ಮಾತ್ರಕ್ಕೆ ನೋವಿಲ್ಲ ಎನ್ನಲಾಗದು.

31ನೇ ಪುಟದ ತಪ್ಪು ನಮ್ಮದೇ. ‘ನರಮಂಡಲ’ ಎಂದೇ ಓದಿಕೊಳ್ಳಬೇಕಾಗಿ ಕೋರುತ್ತೇನೆ. ಕರಡು ತಿದ್ದುವ ಹುಡುಗಿಯನ್ನು ಕರೆದು ತೋರಿಸಿದೆ. ಅವಳು ಲೇಖನ ಪೂರ್ತಿ ಓದಿದ್ದಳು. ಕೂಸಿಗೆ ನೋವಿದೆಯೋ ಇಲ್ಲವೋ, ಹೆಂಗಸಿಗೆ ನೋವಿದೆಯೋ ಇಲ್ಲವೋ ಎಂದು ಇಷ್ಟು ವರ್ಷ ತೀರ್ಮಾನಿಸಿದ್ದು ನರಮಂಡಳಿಯೇ ಅಲ್ಲವಾ ಸಾರ್, ಅಂದಳು. ತಿದ್ದೋಲೆಯಲ್ಲಿ ಇದನ್ನು ಸೇರಿಸುವಾಗ ಕೈ ಒಂದು ಕ್ಷಣ ತಡೆಯಿತು.