ಸ್ಟೆತಸ್ಕೋಪ್ ಇಟ್ಟು ನಾಟಕಕ್ಕೆ ಹೋಗಬಹುದಾ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಹೊರದೇಶದ ಡಾಕ್ಟರುಗಳು ಇಲ್ಲಿ ಬರೆಯಬೇಕಾದ ಪ್ಲಾಬ್ ಪರೀಕ್ಷೆ ಪಾಸು ಮಾಡಿ ಬರ್ಮಿಂಗ್‌ಹ್ಯಾಮಿಗೆ ಬಂದಿದ್ದೀರಿ. ಇನ್ನೂ ಸೂಟ್‌ಕೇಸು ಪೂರ್ತಿ ಬಿಚ್ಚಿಲ್ಲ. ಆಗಲೇ "ಜೊನಾಥನ್ ಮಿಲ್ಲರ್ ಥರ ಡಾಕ್ಟರಿಕೆ ಬಿಟ್ಟು ನಾಟಕ, ಟಿವಿ ಕಡೆ ಹೋಗೋದು ಇಲ್ಲಿ ಆಗುತ್ತಾ?" ಅಂತ ಕೇಳಿದ್ದೀರಿ. ಜೊತೆಗೆ ಬಾಡಿಗೆ ಮನೆ, ಅಕ್ಕಿ, ಚಳಿ, ನಮ್ಮ ಇಂಗ್ಲಿಷಿನ ಉಚ್ಚಾರಣೆ. ಹೆಗ್ಗೋಡಿನ ಶಿಬಿರಕ್ಕೆ ಹೋಗಿ ಬಂದವರು ಅಂತಲೂ ಬರೆದಿದ್ದೀರಿ. ಹಾಗಾದರೆ ನಿಮ್ಮ ಕಾಯಿಲೆ ಯಾವುದು ಅಂತ ನನಗೆ ಗೊತ್ತು.

ಸಣ್ಣಪುಟ್ಟದ್ದನ್ನು ಮೊದಲು ಮುಗಿಸುತ್ತೇನೆ. ಅಕ್ಕಿ, ಬೇಳೆ ಎಲ್ಲ ಸಿಗುತ್ತದೆ. ಸಾರಿನ ಪುಡಿ ಮಾತ್ರ ಊರಿಂದ ಬರುವವರ ಕೈಲಿ ತರಿಸಿಕೊಳ್ಳಿ. ಮನೆ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ. ಚಳಿ ಅಭ್ಯಾಸವಾಗುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗೋದು ನನಗಂತೂ ಇನ್ನೂ ಅಭ್ಯಾಸವಾಗಿಲ್ಲ.

ಇನ್ನು ಮಿಲ್ಲರ್ ವಿಷಯ. ನಾನು ಬಂದದ್ದು 2004ರಲ್ಲಿ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಸೇರಿ ಒಂದು ಟಿವಿ ಇತ್ತು. ಒಂದು ರಾತ್ರಿ ಅದರಲ್ಲಿ ವಯಸ್ಸಾದ ಒಬ್ಬ ಉದ್ದನೆಯ ಮನುಷ್ಯ ದೇವರನ್ನು ನಂಬದಿರುವುದರ ಚರಿತ್ರೆ ಹೇಳುತ್ತಿದ್ದರು. ಗಲಾಟೆ ಇಲ್ಲ, ಹಂಗಿಸುವುದಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಗಣಪತಿ ನನ್ನ ಕೋಣೆಯ ಕಿಟಕಿಯ ಮೇಲೆ ಕೂತಿದ್ದ. ಆದರೂ ನಾನು ಕೊನೆಯವರೆಗೆ ನೋಡಿದೆ. ಪಕ್ಕದಲ್ಲಿದ್ದ ಸೀನಿಯರ್ ಒಬ್ಬರು, "ಇವರೂ ನಮ್ಮ ಹಾಗೆ ಡಾಕ್ಟರೇ" ಅಂದರು. ಅವರೇ ಜೊನಾಥನ್ ಮಿಲ್ಲರ್. ಅಲ್ಲಿಂದ ನಾನು ಈ ಮನುಷ್ಯನ ಬೆನ್ನು ಬಿದ್ದೆ.

ಮಿಲ್ಲರ್ ಅವರ ಅಪ್ಪ ಮನೋವೈದ್ಯ, ಅಮ್ಮ ಕಾದಂಬರಿಗಾರ್ತಿ. ಕೇಂಬ್ರಿಡ್ಜಿನಲ್ಲಿ ಓದಿ, ಲಂಡನ್ನಿನಲ್ಲಿ 1959ರಲ್ಲಿ ಡಾಕ್ಟರಾದರು. ಮರುವರ್ಷ ಎಡಿನ್‌ಬರೋ ಉತ್ಸವದಲ್ಲಿ ಪೀಟರ್ ಕುಕ್, ಡಡ್ಲಿ ಮೂರ್, ಅಲನ್ ಬೆನೆಟ್ ಜೊತೆ ಸೇರಿ 'ಬಿಯಾಂಡ್ ದ ಫ್ರಿಂಜ್' ಎಂಬ ನಗೆ ಪ್ರದರ್ಶನ ಕೊಟ್ಟರು. ಸ್ವಲ್ಪ ದಿನ ಮಾಡಿ ವಾರ್ಡಿಗೆ ವಾಪಸು ಬರುವುದು ಅಂತಿತ್ತು. ಅದು ಲಂಡನ್ನಿಗೆ ಹೋಯಿತು, 1962ರಲ್ಲಿ ಬ್ರಾಡ್‌ವೇಗೂ ಹೋಯಿತು. ಆಮೇಲೆ ಬಿಬಿಸಿ. ಅಲ್ಲಿ 1966ರಲ್ಲಿ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯನ್ನು ಟಿವಿಗೆ ತೆಗೆದರು. ಪ್ರಾಣಿಗಳ ಮುಖವಾಡ ತೆಗೆದುಹಾಕಿ ಎಲ್ಲರನ್ನೂ ವಿಕ್ಟೋರಿಯಾ ಕಾಲದ ದೊಡ್ಡವರನ್ನಾಗಿ ಮಾಡಿದರು. ಅದಕ್ಕೆ ಸಂಗೀತ ನಮ್ಮ ರವಿಶಂಕರ್ ಅವರದ್ದು. ಈ ಒಂದು ವಿಷಯ ಹೇಳುವಾಗ ನನಗೆ ಸುಮ್ನೆ ಒಂದು ಹೆಮ್ಮೆ, ನಾನೇ ಸಿತಾರ್ ನುಡಿಸಿದ ಹಾಗೆ.

1970ರಲ್ಲಿ ನ್ಯಾಷನಲ್ ಥಿಯೇಟರಿಗೆ ಶೇಕ್ಸ್‌ಪಿಯರನ 'ವೆನಿಸ್ಸಿನ ವ್ಯಾಪಾರಿ' ನಾಟಕ ಮಾಡಿಸಿದರು, ಲಾರೆನ್ಸ್ ಒಲಿವಿಯರ್ ಶೈಲಾಕ್. ಮಿಲ್ಲರ್‌ಗೆ ಸಂಗೀತದ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆದರೂ ಅಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ನಿರ್ದೇಶಿಸಿದರು! 1982ರಲ್ಲಿ ವೆರ್ಡಿಯ 'ರಿಗೊಲೆಟ್ಟೊ'ವನ್ನು ಇಟಲಿಯ ಒಬ್ಬ ಡ್ಯೂಕನ ಆಸ್ಥಾನದಿಂದ ಎತ್ತಿ ನ್ಯೂಯಾರ್ಕಿನ ಮಾಫಿಯಾ ಗಲ್ಲಿಯಲ್ಲಿ ಇಳಿಸಿದರು. ಅಲ್ಲಿ ಡ್ಯೂಕ್ ಜೂಕ್‌ಬಾಕ್ಸ್ ಹಾಕಿ ಹಾಡುತ್ತಾನೆ. 'ಮಿಕಾಡೊ' ಜಪಾನಿನಲ್ಲಿ ನಡೆಯುವ ನಗೆ ಅಪೆರಾ, 1986ರಲ್ಲಿ ಅದರಲ್ಲಿ ಜಪಾನನ್ನೇ ಬಿಟ್ಟು, ಕಥೆಯನ್ನು ಇಂಗ್ಲಿಷರ ಒಂದು ಬಿಳೀ ಹೋಟೆಲಿಗೆ ತಂದರು. ಲಂಡನ್ನಿನ ಕಲಿಸಿಯಂನಲ್ಲಿ ಮೇಲಿನ ಬಾಲ್ಕನಿಯ ಅಗ್ಗದ ಸೀಟಿನಲ್ಲಿ ಕೂತು ನಾನು ನೋಡಿದ್ದೇನೆ. ಅವರು 2019ರಲ್ಲಿ ತೀರಿಕೊಂಡ ಮೇಲೂ ಅದು ಮತ್ತೆ ವೇದಿಕೆಗೆ ಬಂದಿದೆ. ಪುಸ್ತಕಗಳೂ ಇವೆ. ಮಕ್ಕಳು ಪುಟ ತೆರೆದರೆ ದೇಹದ ಭಾಗಗಳು ಎದ್ದು ನಿಲ್ಲುವ ಪುಸ್ತಕದವರೆಗೆ.

ಉಚ್ಚಾರಣೆ ಬಗ್ಗೆ ಕೇಳಿದಿರಲ್ಲ. ಇಷ್ಟೆಲ್ಲ ಮಾತಾಡಿ ಬದುಕಿದ ಈ ಮನುಷ್ಯನಿಗೆ ಚಿಕ್ಕಂದಿನಿಂದ ತೊದಲು ಇತ್ತು. ಅದನ್ನು ತಪ್ಪಿಸಿಕೊಳ್ಳಲು ಹುಡುಗನಾಗಿದ್ದಾಗ ಬೇರೆ ದೇಶದವರ ಉಚ್ಚಾರಣೆಯಲ್ಲಿ ಮಾತಾಡುತ್ತಿದ್ದರಂತೆ. ನೀವು ನಿಮ್ಮ ಶಿವಮೊಗ್ಗದ ಇಂಗ್ಲಿಷನ್ನೇ ನಿಧಾನವಾಗಿ ಆಡಿ, ರೋಗಿಗಳಿಗೆ ಅರ್ಥವಾಗುತ್ತದೆ. ಫೋನಿನಲ್ಲಿ ಮಾತ್ರ ಮೊದಮೊದಲು ಒದ್ದಾಟ.

ಈಗ ಡಾಕ್ಟರಿಕೆ ಬಿಡುವ ಮಾತು. ಮಿಲ್ಲರ್ ಬಿಟ್ಟರು, ನಿಜ. ಆದರೆ ಅವರ ಹೆಂಡತಿ ರೇಚಲ್ ಡಾಕ್ಟರು, ಅವರು ಬಿಡಲಿಲ್ಲ. ಮಿಲ್ಲರ್ ಹುಟ್ಟಿದ್ದು ಈ ದೇಶದಲ್ಲೇ, ಕೆಲಸ ಹೋದರೆ ದೇಶ ಬಿಡಿ ಅಂತ ಅವರಿಗೆ ಯಾರೂ ಹೇಳುವಂತಿರಲಿಲ್ಲ. ಇನ್ನೊಂದು ವಿಷಯ, ನಿಮಗೆ ಇಷ್ಟವಾಗಲಿಕ್ಕಿಲ್ಲ. ವೈದ್ಯಕೀಯ ಬಿಟ್ಟಿದ್ದಕ್ಕೆ ಅವರು ಕೊನೆಯವರೆಗೂ ಕೊರಗಿದರು, ಸಂದರ್ಶನಗಳಲ್ಲಿ ಬಾಯಿಬಿಟ್ಟು ಹೇಳಿದರು. ಅದಕ್ಕೇ ಇರಬೇಕು, ಬಿಟ್ಟಲ್ಲಿಗೇ ಮತ್ತೆ ಮತ್ತೆ ಬಂದರು. 1978ರಲ್ಲಿ ಬಿಬಿಸಿಗೆ ದೇಹದ ಬಗ್ಗೆ 13 ಕಂತಿನ ಸರಣಿ ಮಾಡಿದರು. ಎಂಬತ್ತರ ದಶಕದಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮಿದುಳು, ಮನಸ್ಸಿನ ಸಂಶೋಧನೆಗೆ ಕೂತರು. ಕೊನೆಗೆ ಮರೆವಿನ ಕಾಯಿಲೆ, ಆಲ್ಜೈಮರ್ಸ್, ಅವರಿಗೇ ಬಂತು.

ನನ್ನ ಕಥೆ ಇದರ ಉಲ್ಟಾ. ಬಂದ ಹೊಸದರಲ್ಲಿ ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರು ಊರಿನ ಹವ್ಯಾಸಿ ತಂಡಕ್ಕೆ ಕರೆದಿದ್ದರು. ವಾರಕ್ಕೊಂದು ಸಂಜೆ ಚರ್ಚಿನ ಹಾಲಿನಲ್ಲಿ ತಾಲೀಮು. ಇನ್ನೇನು ಹೋಗಬೇಕು, ಅಷ್ಟರಲ್ಲಿ 2006ರ ಏಪ್ರಿಲ್ ಬಂತು. ಹೊರದೇಶದ ಡಾಕ್ಟರುಗಳು ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯಬಹುದು ಅನ್ನುವ ನಿಯಮ ಏಕಾಏಕಿ ಹೋಯಿತು. ನಮ್ಮ ಕ್ವಾರ್ಟರ್ಸಿನಲ್ಲಿ ಬೆಳಗಾವಿಯವರು, ಮಧುರೆಯವರು, ಲಾಹೋರಿನವರು ಎಲ್ಲ ಒಟ್ಟಿಗೆ ಕೂತು ಅರ್ಜಿ ತುಂಬಿದೆವು. ಸಾಲ ಮಾಡಿ ಬಂದಿದ್ದ ಕೆಲವರು ಪ್ಲೇಟು, ಪಾತ್ರೆ ಉಳಿದವರಿಗೆ ಹಂಚಿ ಊರಿಗೆ ಹೊರಟರು. ನನಗೆ ಹೇಗೋ ಕೆಲಸ ಸಿಕ್ಕಿತು. ಆಮೇಲೆ ಒಂದೇ ಧ್ಯಾನ: ಪರೀಕ್ಷೆ, ಪರ್ಮಿಟ್, ಪರೀಕ್ಷೆ.

ಖಾಯಂ ವಾಸದ ಕಾಗದ ಕೈಗೆ ಬಂದು ವರ್ಷಗಳಾದವು. ಹೆದರಿಕೆ ಮಾತ್ರ ಹೋಗಲಿಲ್ಲ. ರಜೆ ಇದ್ದರೂ ಒಂದು ಹೆಚ್ಚಿನ ಶಿಫ್ಟು ಹಿಡಿಯೋಣ ಅನ್ನಿಸುತ್ತಿತ್ತು. ಮುಂದೆ ಬೇರೆ ಊರಿಗೆ ವರ್ಗವಾಯಿತು, ಆ ತಂಡ ತಪ್ಪಿಯೇ ಹೋಯಿತು. ಮೈಸೂರಿನಲ್ಲಿ ಕಾಲೇಜಿದ್ದಾಗ ರಂಗಾಯಣದ ನಾಟಕ ಬಿಡದೆ ನೋಡುತ್ತಿದ್ದವನು ನಾನು, ಸ್ಟೇಜಿನ ಮೇಲೆ ಮೈ ಚಳಿ ಇರಲಿಲ್ಲ. ಈಗ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ ನಾಲ್ಕು ಸಾಲು ಹೇಳಲು ನಿಂತರೆ ಕೈ ನಡುಗುತ್ತದೆ. ಮನೆಯಲ್ಲಿ ಮಗಳು ಕನ್ನಡ ನಾಟಕಕ್ಕೆ ಬರುತ್ತಾಳೆ, ಅರ್ಧ ಅರ್ಥವಾಗುತ್ತದೆ, ಅಪ್ಪನ ಮುಖ ನೋಡಿ ನಗುತ್ತಾಳೆ.

ಅದಕ್ಕೆ ಹೇಳುವುದು. ಕೆಲಸ ಬಿಡಬೇಡಿ. ನಿಮ್ಮ ವೀಸಾ ಆ ಕೆಲಸಕ್ಕೇ ಕಟ್ಟಿದ್ದು. ಸಂಬಳವಿಲ್ಲದ ಹವ್ಯಾಸಿ ನಾಟಕಕ್ಕೆ ಅಡ್ಡಿಯಿಲ್ಲ. ಯಾರಾದರೂ ದುಡ್ಡು ಕೊಡುತ್ತೇವೆ ಅಂದರೆ ಮಾತ್ರ ಒಪ್ಪುವ ಮೊದಲು ಸರ್ಕಾರದ ನಿಯಮ ಓದಿ, ಗೆಳೆಯರು ಹೇಳಿದ್ದನ್ನು ನಂಬಬೇಡಿ, ನನ್ನದನ್ನೂ. ಆದರೆ ಮೊದಲ ತಿಂಗಳಲ್ಲೇ ಒಂದು ತಂಡಕ್ಕೆ ಹೆಸರು ಕೊಡಿ. ಪರೀಕ್ಷೆ ಮುಗಿಯಲಿ, ಪರ್ಮಿಟ್ ಬರಲಿ, ಮದುವೆ ಆಗಲಿ ಅಂತ ಕೂರಬೇಡಿ. ಪಾತ್ರ ಸಿಗದಿದ್ದರೆ ಪರದೆ ಎಳೆಯಿರಿ, ಪ್ರಾಂಪ್ಟ್ ಮಾಡಿ. ಹೆಗ್ಗೋಡಿನಲ್ಲಿ ಅದನ್ನೂ ನೋಡಿದ್ದೀರಲ್ವಾ?

ರೋಟಾ (ಡ್ಯೂಟಿ ಪಟ್ಟಿ) ಬಂದ ಕೂಡಲೇ ನಿಮ್ಮ ಖಾಲಿ ವಾರಾಂತ್ಯಗಳನ್ನು ನನಗೆ ಬರೆಯಿರಿ. ಯುಗಾದಿಗೆ ನಮ್ಮವರು ಒಂದು ಸಣ್ಣ ನಾಟಕ ಹಿಡಿದಿದ್ದಾರೆ, ಅತ್ತೆಯ ಪಾತ್ರಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ಮಾವ ನಾನೇ.