ಓದುಗರ ಪ್ರಶ್ನೆ: ವಿಯೆನ್ನಾದಲ್ಲಿ ಸಸ್ಯಾಹಾರಿಯ ಮಧ್ಯಾಹ್ನದ ಊಟ

ಪ್ರಶ್ನೆ: ಮುಂದಿನ ತಿಂಗಳು ನಾನೂ ನನ್ನ ಪತ್ನಿಯೂ ಮಗನ ಮನೆಗೆಂದು ವಿಯೆನ್ನಾಕ್ಕೆ ಹೊರಟಿದ್ದೇವೆ. ನಾವಿಬ್ಬರೂ ಮೊಟ್ಟೆಯನ್ನೂ ತಿನ್ನುವವರಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಊರು ನೋಡಲು ನಾವಿಬ್ಬರೇ ಹೋಗಬೇಕು. ಮಧ್ಯಾಹ್ನದ ಊಟಕ್ಕೆ ಭಾರತೀಯ ಹೋಟೆಲುಗಳನ್ನೇ ಹುಡುಕಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹುಡುಕಬೇಕಾಗಿಲ್ಲ. ವಿಯೆನ್ನಾದಲ್ಲಿ ಮಾಂಸದ ತುಂಡಿಲ್ಲದ ಊಟ ಸಿಗುವುದು ಈಗ ಕಷ್ಟವಲ್ಲ. ನೋಡಲು ಶುದ್ಧ ಸಸ್ಯಾಹಾರದಂತಿರುವ ತಿನಿಸಿನೊಳಗೆ ಸೇರಿರುವ ಮೊಟ್ಟೆಯನ್ನೂ ಮಾಂಸದ ರಸವನ್ನೂ ಗುರುತಿಸುವುದು ಕಷ್ಟ.

ಇವೆರಡರಲ್ಲಿ ಮೊಟ್ಟೆಯ ವಿಷಯ ಸುಲಭ. ಅಲರ್ಜಿ ಉಂಟುಮಾಡಬಲ್ಲ 14 ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂಬುದನ್ನು ಐರೋಪ್ಯ ಒಕ್ಕೂಟದ ಹೋಟೆಲುಗಳು 2014ರ ಡಿಸೆಂಬರ್‌ನಿಂದ ಗಿರಾಕಿಗಳಿಗೆ ತಿಳಿಸಲೇಬೇಕು. ಆಸ್ಟ್ರಿಯದ ಬಹುಪಾಲು ಹೋಟೆಲುಗಳು ಇದಕ್ಕಾಗಿ ಮೆನುವಿನಲ್ಲಿ ತಿನಿಸಿನ ಹೆಸರಿನ ಪಕ್ಕದಲ್ಲೇ ಸಣ್ಣ ಅಕ್ಷರಗಳನ್ನು ಅಚ್ಚು ಹಾಕಿರುತ್ತವೆ: 'ಎ' ಎಂದರೆ ಗೋಧಿಯಂಥ ಧಾನ್ಯ, 'ಸಿ' ಎಂದರೆ ಮೊಟ್ಟೆ, 'ಡಿ' ಎಂದರೆ ಮೀನು, 'ಜಿ' ಎಂದರೆ ಹಾಲು. 'ಸಿ' ಇದ್ದುದನ್ನು ಬಿಟ್ಟುಬಿಡಿ. ಚೀಸ್ ಬೆರೆಸಿದ ಹಿಟ್ಟಿನ ತಿನಿಸಾದ ಕೇಸೆಶ್ಪೆಟ್ಸ್ಲೆಯನ್ನು ಸಸ್ಯಾಹಾರವೆಂದೇ ಬಡಿಸುತ್ತಾರಾದರೂ ಅದರ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ. ಹೆಸರಾಂತ ಸಾಖರ್ ಕೇಕಿನ ಕಥೆಯೂ ಅದೇ. ಸೇಬಿನ ಹೂರಣದ ಆಪ್ಫೆಲ್‌ಶ್ಟ್ರೂಡೆಲ್‌ನ ತೆಳು ಕಣಕವನ್ನು ಸಾಂಪ್ರದಾಯಿಕವಾಗಿ ಹಿಟ್ಟು, ನೀರು, ಎಣ್ಣೆಗಳಿಂದಲೇ ನಾದುತ್ತಾರೆ. ಆದರೂ ಅಕ್ಷರವನ್ನು ನೋಡಿಯೇ ತರಿಸಿಕೊಳ್ಳಿ.

ಮಾಂಸದ ರಸದ ವಿಷಯದಲ್ಲಿ ಈ ಅಕ್ಷರಗಳು ನೆರವಿಗೆ ಬರುವುದಿಲ್ಲ, ಏಕೆಂದರೆ ಆ 14ರ ಪಟ್ಟಿಯಲ್ಲಿ ಮಾಂಸವೇ ಇಲ್ಲ. ವಿಯೆನ್ನಾದ ಅಡುಗೆಯಲ್ಲಿ ದನದ ಮಾಂಸವನ್ನು ಬೇಯಿಸಿ ತೆಗೆದ ರಸವೇ, ಅಂದರೆ ರಿಂಡ್‌ಸುಪ್ಪೆಯೇ, ಅನೇಕ ಸೂಪುಗಳ ಮೂಲದ್ರವ್ಯ. ಅಲ್ಲಿಯ ಆಲೂಗಡ್ಡೆ ಸಲಾಡನ್ನೂ ವಾಡಿಕೆಯಂತೆ ಅದೇ ರಸದಲ್ಲಿ ಕಲಸುತ್ತಾರೆ. ವಾರದ ದಿನಗಳಲ್ಲಿ ಅಗ್ಗದ ದರಕ್ಕೆ ಸಿಗುವ 'ಮಿಟ್ಟಾಗ್ಸ್‌ಮೆನ್ಯೂ' ಎಂಬ ಮಧ್ಯಾಹ್ನದ ಊಟದಲ್ಲಿ ಮುಖ್ಯ ತಿನಿಸು ಸಸ್ಯಾಹಾರವಾಗಿದ್ದು, ಜೊತೆಗೆ ಬರುವ ಸೂಪು ಮಾತ್ರ ಮಾಂಸದ್ದಾಗಿರುವುದುಂಟು. ಹುಳಿ ಎಲೆಕೋಸಿನಲ್ಲಿ ಶ್ಪೆಕ್ ಎಂಬ ಹಂದಿಮಾಂಸದ ಚೂರುಗಳಿರುತ್ತವೆ. ಲೇಬರ್‌ಕೇಸೆ ಎಂಬುದರ ಹೆಸರಿನಲ್ಲಿ ಚೀಸ್ ಇದ್ದರೂ ಅದು ಮಾಂಸದ ತಿನಿಸು. ಆದ್ದರಿಂದ ಬಡಿಸುವವರನ್ನು 'ಸಸ್ಯಾಹಾರವೇ?' ಎಂದಷ್ಟೇ ಕೇಳಿ ಸುಮ್ಮನಾಗದೆ, 'ಓನೆ ಫ್ಲೈಶ್, ಓನೆ ಐ, ಓನೆ ರಿಂಡ್‌ಸುಪ್ಪೆ' (ಮಾಂಸ, ಮೊಟ್ಟೆ, ಮಾಂಸದ ರಸ ಬೇಡ) ಎಂದು ಬಿಡಿಸಿ ಹೇಳಿ. ಇದನ್ನು ಅಲ್ಲಿ ಯಾರೂ ಅಧಿಕಪ್ರಸಂಗವೆಂದು ಎಣಿಸುವುದಿಲ್ಲ.

ನನ್ನನ್ನು ಕೇಳಿದರೆ, ಇಷ್ಟೆಲ್ಲ ವಿಚಾರಣೆ ಬೇಡವೆನಿಸಿದ ದಿನ ಇಥಿಯೋಪಿಯದ ಹೋಟೆಲಿಗೆ ಹೋಗುವುದು ಒಳ್ಳೆಯದು. ಹುದುಗಿಸಿದ ಹಿಟ್ಟಿನಿಂದ ನಮ್ಮ ದೋಸೆಯಂತೆ ಹುಯ್ದ ಇಂಜೆರಾದ ಮೇಲೆ ಬೇಳೆ, ಸೊಪ್ಪು, ತರಕಾರಿಗಳನ್ನು ಬಡಿಸುತ್ತಾರೆ. ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮೂರನ್ನೂ ಬಿಡುವುದು ಅವರ ಚರ್ಚಿನ ಕಟ್ಟಳೆಯಾದ್ದರಿಂದ ಇಂಥ ಅಡುಗೆ ಅವರಿಗೆ ಹೊಸದಲ್ಲ. ನಾಷ್‌ಮಾರ್ಕ್ಟ್ ಸಂತೆಯಲ್ಲಿ ಕಡಲೆಯ ಫಲಾಫೆಲ್ ಸಿಗುತ್ತದೆ, ಆದರೆ ಅದರೊಡನೆ ಕೊಡುವ ಬಿಳಿ ಸಾಸ್‌ನಲ್ಲಿ ಮೊಟ್ಟೆಯಿದೆಯೇ ಎಂದು ಕೇಳಿಕೊಳ್ಳಿ. ಭಾರತೀಯ ಹೋಟೆಲುಗಳಿಗೂ ಹೋಗಬಹುದು. ಬಹುತೇಕ ಉತ್ತರ ಭಾರತದ ಅಡುಗೆ, ಮಾಂಸದಡುಗೆಯೂ ಅದೇ ಒಲೆಯ ಮೇಲೆ. ಕೆಲವೆಡೆ ನಾನ್ ಹಿಟ್ಟಿಗೂ ಮೊಟ್ಟೆ ಹಾಕುತ್ತಾರೆ.

ಪ್ರಶ್ನೆ: ಅದೇ ಊರಿಗೆ ಹೋಗುವಾಗ ಮನೆಯಿಂದ ತುಪ್ಪ, ಚಟ್ನಿಪುಡಿ, ಕರಿಬೇವು ಒಯ್ಯಬಹುದೆ?
– ಇನ್ನೊಬ್ಬ ಓದುಗರು, ದಾವಣಗೆರೆ

ಉತ್ತರ: ಚಟ್ನಿಪುಡಿ, ಸಾರಿನಪುಡಿ ಒಯ್ಯಬಹುದು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲವಾದ್ದರಿಂದ ತುಪ್ಪ, ಪೇಡ ಬೇಡ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಹಸಿ ಕರಿಬೇವೂ ಬೇಡ. ತುಪ್ಪಕ್ಕೆ ಬದಲಾಗಿ ಅಲ್ಲಿಯ ಅಂಗಡಿಗಳಲ್ಲಿ 'ಬುಟರ್‌ಶ್ಮಾಲ್ಟ್ಸ್' ಸಿಗುತ್ತದೆ. ಬರಿಯ 'ಶ್ಮಾಲ್ಟ್ಸ್' ಎಂದಿದ್ದರೆ ಅದು ಸಾಮಾನ್ಯವಾಗಿ ಹಂದಿಯ ಕೊಬ್ಬು, ಕೈಗೆತ್ತಿಕೊಳ್ಳಬೇಡಿ. ಮೊಸರನ್ನಕ್ಕೆ 'ನಾಟೂರ್‌ಯೋಗುರ್ಟ್' ಎಂಬ ಸಪ್ಪೆ ಮೊಸರು ಸಾಕು. ಭಾನುವಾರ ದೊಡ್ಡ ರೈಲು ನಿಲ್ದಾಣಗಳ ಕೆಲವು ಅಂಗಡಿಗಳನ್ನು ಬಿಟ್ಟರೆ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೂ ಸಂಜೆ 6ಕ್ಕೆ ಬಾಗಿಲು ಹಾಕುತ್ತವೆ. ಬೇಕಾದುದನ್ನು ಅಷ್ಟರೊಳಗೆ ಕೊಂಡಿಟ್ಟುಕೊಳ್ಳಿ.