ಕಡಲ ಪಕ್ಕ ಸೈಟು ಕೊಳ್ಳಬಹುದೇ?

ಪ್ರಶ್ನೆ: ನಿವೃತ್ತಿಗೆ ಎಂಟು ತಿಂಗಳಿದೆ. ಕುಂದಾಪುರದ ಹತ್ತಿರ ಕಡಲಿಗೆ ಅಂಟಿಕೊಂಡಂತೆ ಸೈಟು ನೋಡಿದ್ದೇವೆ. ನನಗೆ ಸಕ್ಕರೆ ಕಾಯಿಲೆ, ಮನೆಯವರಿಗೆ ಮಂಡಿನೋವು. ಮುಂಗಡ ಕೊಡಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಈಗಲೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಬಾಡಿಗೆಗಿದ್ದು ನೋಡಿ. ಡಿಸೆಂಬರ್‌ನಲ್ಲಿ ಕರಾವಳಿ ಯಾರಿಗೆ ಹಿಡಿಸುವುದಿಲ್ಲ! ಮೈಸೂರಿನ ಇಡೀ ವರ್ಷದ ಮಳೆ ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ತೇವ. ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಬೂಷ್ಟು. ಉಪ್ಪುಗಾಳಿಗೆ ಕಿಟಕಿಯ ಕಬ್ಬಿಣದ ಸರಳು ಬಣ್ಣದಡಿಯಲ್ಲೇ ತುಕ್ಕು ಹಿಡಿದು ಪದರಪದರವಾಗಿ ಏಳುತ್ತದೆ.

ಬಾವಿ ನೀರನ್ನು ಮೇ ತಿಂಗಳಲ್ಲಿ ಬಾಯಿಗೆ ಹಾಕಿ ನೋಡಿ. ಅಂತರ್ಜಲ ಇಳಿದಾಗ ಕಡಲ ನೀರು ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಸಿಹಿಯಿದ್ದ ಬಾವಿ ಆಗ ಉಪ್ಪಾಗಬಹುದು.

ಕಾಗದಪತ್ರದಲ್ಲಿ ಭೂಪರಿವರ್ತನೆ ಆದೇಶ, ಪಂಚಾಯಿತಿಯ ಇ-ಸ್ವತ್ತು (ಆಸ್ತಿ ದಾಖಲೆ), ಋಣಭಾರ ಪತ್ರ ಇರಲಿ. ಅದಕ್ಕಿಂತ ಮುಖ್ಯ, ಸರ್ವೆ ನಂಬರು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿ ಎಲ್ಲಿ ಬರುತ್ತದೆಂಬುದು. ಕಟ್ಟಡ ಕಟ್ಟಬಾರದ ಪ್ರದೇಶದೊಳಗಿದ್ದರೆ ಸೈಟು ನಿಮ್ಮದಾದರೂ ಮನೆಗೆ ಅನುಮತಿ ಸಿಗದು. ದಲ್ಲಾಳಿಯ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ನಿಮ್ಮ ಆರೋಗ್ಯಕ್ಕೆ ಉಡುಪಿ–ಮಣಿಪಾಲದ ಕಡೆ, ಕಡಲಿನಿಂದ ಮೂರ್ನಾಲ್ಕು ಕಿಲೋಮೀಟರ್ ಒಳನಾಡಿನತ್ತ, ನೆಲಮಹಡಿಯ ಮನೆಯೇ ಮೇಲು. ಕುಂದಾಪುರದಿಂದ ಮಣಿಪಾಲದ ದೊಡ್ಡಾಸ್ಪತ್ರೆಗೆ ಸುಮಾರು 40 ಕಿ.ಮೀ. ಮೈಸೂರಿನ ಮನೆಯನ್ನು ಒಂದು ವರ್ಷ ಮಾರಬೇಡಿ, ಬಾಡಿಗೆಗೆ ಕೊಡಿ.